ನನ್ನ ತಂಗಿಯ ನಾಲ್ಕು ಟ್ರ್ಯಾಕು

1991ರಲ್ಲಿ ನಾನು ಹಿಂದೂಪುರದ ಒಂದು ಬಾಲಕಿಯರ ಹೈಸ್ಕೂಲಿನಲ್ಲಿ ಸಂಗೀತ ಶಿಕ್ಷಕಿಯಾಗಿದ್ದೆ. ನಮ್ಮ ಕಡೆ ಸಂಗೀತಕ್ಕೆಂದೇ ಒಂದು ಹುದ್ದೆ ಇರುವ ಶಾಲೆಗಳು ಬಹಳ ಕಡಿಮೆ. ಹೊಲಿಗೆ ಕ್ಲಾಸಿನ ಪಕ್ಕದ ಸಣ್ಣ ಕೋಣೆ, ಒಂದು ಹಾರ್ಮೋನಿಯಂ, ಎರಡು ಜೊತೆ ತಾಳ, ಮೂರು ತಂತಿ ಉಳಿದಿದ್ದ ಒಂದು ತಂಬೂರಿ, ಇವಿಷ್ಟು ನನ್ನ ಇಲಾಖೆ. ಬೆಳಗಿನ ಪ್ರಾರ್ಥನೆ ನನ್ನದು, ರಾಷ್ಟ್ರೀಯ ಹಬ್ಬಗಳ ಹಾಡು ನನ್ನದು, ವಾರ್ಷಿಕೋತ್ಸವದ ನೃತ್ಯಗಳಿಗೆ ಪಕ್ಕವಾದ್ಯವೂ ನನ್ನದೇ. ಊರಲ್ಲಿ ನನ್ನನ್ನು ಸುಶೀಲ ಎಂದು ಯಾರೂ ಕರೆಯುತ್ತಿರಲಿಲ್ಲ, ‘ಸಂಗೀತಂ ಟೀಚರ್’ ಎನ್ನುತ್ತಿದ್ದರು. ತರಕಾರಿ ಅಂಗಡಿಯವನು ಕೂಡ ಹಾಗೇ ಕರೆದು ಎರಡು ಮೆಣಸಿನಕಾಯಿ ಹೆಚ್ಚಿಗೆ ಹಾಕುತ್ತಿದ್ದ. ನನಗೆ ಅದರ ಬಗ್ಗೆ ಒಳಗೊಳಗೇ ಹೆಮ್ಮೆ ಇತ್ತು.

ಆ ವರ್ಷ ನವೆಂಬರಿನಲ್ಲಿ ಊರಿನ ಒಂದು ಖಾಸಗಿ ಶಾಲೆಯ ವಾರ್ಷಿಕೋತ್ಸವಕ್ಕೆ ನಮ್ಮ ಹೆಡ್‌ಮಿಸ್ಟ್ರೆಸ್ ಕಮಲಾಕ್ಷಮ್ಮನವರು ಅತಿಥಿಯಾಗಿ ಹೋಗಿದ್ದರು. ಮರುದಿನ ಮೊದಲನೇ ಪೀರಿಯಡ್‌ನಲ್ಲೇ ನನಗೆ ಕರೆ ಬಂತು. ಕಮಲಾಕ್ಷಮ್ಮನವರ ಮನೆಮಾತು ತೆಲುಗು. ನನ್ನ ಜೊತೆ ಕನ್ನಡದಲ್ಲಿ ಶುರು ಮಾಡಿ ತೆಲುಗಿಗೆ ಜಾರುವುದು ಅವರ ರೂಢಿ.

“ಟೀಚರ್, ನಿನ್ನೆ ಆ ಮಕ್ಕಳು ಕುಣಿದರಲ್ಲಮ್ಮಾ, ಆ ಪಾಟ ಸಿನಿಮಾದ್ದಲ್ಲ. ಅವರದೇ ಸ್ವಂತ ಹಾಡು. ಅದರಲ್ಲಿ ಡ್ರಮ್ಸು, ಕೊಳಲು, ವಯಲಿನ್ನು ಅನ್ನಿ ಉನ್ನಾಯಿ, ಎಲ್ಲಾ ಇದೆ. ಸ್ಟೇಜ್ ಮೇಲೆ ಒಬ್ಬರೂ ಇಲ್ಲ! ಬರೀ ಒಂದು ಕ್ಯಾಸೆಟ್ಟು.”

“ಯಾರಾದರೂ ಆರ್ಕೆಸ್ಟ್ರಾದವರು ಮಾಡಿಕೊಟ್ಟಿರಬೇಕು ಮೇಡಂ,” ಎಂದೆ.

“ಕಾದು, ಅವರಲ್ಲ. ಕಲ್ಯಾಣದುರ್ಗದಲ್ಲಿ ಯಾರೋ ಹೆಂಗಸಂತೆ. ಬಸ್ ಸ್ಟ್ಯಾಂಡ್ ಹತ್ತಿರ ಕ್ಯಾಸೆಟ್ ಅಂಗಡಿ ಇಟ್ಟಿರೋರ ಹೆಂಡತಿ. ಒಬ್ಬಳೇ ಕೂತು ಎಲ್ಲಾ ಮಾಡ್ತಾಳಂತೆ.”

ಬಸ್ ಸ್ಟ್ಯಾಂಡ್ ಹತ್ತಿರದ ಕ್ಯಾಸೆಟ್ ಅಂಗಡಿ ನರಸಿಂಹುಲುವಿನದು. ನರಸಿಂಹುಲುವಿನ ಹೆಂಡತಿ ರತ್ನ ನನ್ನ ಒಡಹುಟ್ಟಿದ ತಂಗಿ. ಕಮಲಾಕ್ಷಮ್ಮನವರಿಗೆ ನಾನು ಅದನ್ನು ಹೇಳಲಿಲ್ಲ. ಬಾಯಿ ಬರಲಿಲ್ಲ ಎಂದರೆ ಸರಿಯಾದೀತು.

ನಮ್ಮದು ನೇಯ್ಗೆಯ ಮನೆ. ಅಪ್ಪ ರೇಷ್ಮೆ ಸೀರೆ ನೇಯುತ್ತಿದ್ದರು. ನನಗೆ ಒಂಬತ್ತು ವರ್ಷವಿದ್ದಾಗ ಹಾರ್ಮೋನಿಯಂ ಮೇಷ್ಟ್ರೊಬ್ಬರು ಮನೆಗೆ ಬರಲು ಶುರು ಮಾಡಿದರು. ನಾಲ್ಕು ವರ್ಷ ಚಿಕ್ಕವಳಾದ ರತ್ನಳನ್ನೂ ಆಮೇಲೆ ಕೂರಿಸಿದರು. ಅವಳಿಗೆ ಮೊದಲ ಪಾಠವಾದ ಸರಳೆ ವರಸೆಯೇ ಮುಗಿಯಲಿಲ್ಲ. ಒಂದು ಸ್ವರ ಒತ್ತಿ ಅದು ನಿಲ್ಲುವ ತನಕ ಕೇಳುತ್ತಾ ಕೂರುವಳು, ಮುಂದಿನ ಸ್ವರ ಮರೆಯುವಳು. ಮೇಷ್ಟ್ರು “ಈ ಮಗೂಗೆ ಬ್ಯಾಡ ಬಿಡ್ರಪ್ಪ” ಎಂದುಬಿಟ್ಟರು. ಅಲ್ಲಿಂದ ಮುಂದೆ ನಾನು ಪಾಠ ಹೇಳಿಸಿಕೊಳ್ಳುತ್ತಿದ್ದರೆ ಅವಳು ಅದೇ ಕೋಣೆಯಲ್ಲಿ ಕಂಡಿಕೆಗೆ ನೂಲು ಸುತ್ತುತ್ತಿದ್ದಳು, ಪಕ್ಕದಲ್ಲಿ ಅಪ್ಪನ ಮಗ್ಗ ಆಡುತ್ತಿತ್ತು. ನಾನು ಪರೀಕ್ಷೆಗಳನ್ನು ಪಾಸು ಮಾಡಿದೆ, ಕೆಲಸ ಸಿಕ್ಕಿತು. ರತ್ನ ಹತ್ತನೇ ತರಗತಿಗೆ ಓದು ನಿಲ್ಲಿಸಿ ಮದುವೆಯಾಗಿ ಕಲ್ಯಾಣದುರ್ಗಕ್ಕೆ ಹೋದಳು. ಮನೆಯಲ್ಲಿ ಸಂಗೀತ ಎಂದರೆ ನಾನು ಎಂಬುದು ಯಾರೂ ಹೇಳಿಕೊಳ್ಳದೆ ತೀರ್ಮಾನವಾಗಿದ್ದ ಸಂಗತಿ.

ಎರಡು ವರ್ಷದ ಹಿಂದೆ ನರಸಿಂಹುಲು ಬೆಂಗಳೂರಿನಲ್ಲಿ ಮುಚ್ಚಿಹೋದ ಒಂದು ಆರ್ಕೆಸ್ಟ್ರಾದವರಿಂದ ಹಳೆಯ ಸಾಮಾನು ತಂದನೆಂದು ಕೇಳಿದ್ದೆ. ಅಂಗಡಿಯ ಪ್ರಚಾರದ ಕ್ಯಾಸೆಟ್ ಮಾಡಲಿಕ್ಕೆ ಇರಬೇಕು ಅಂದುಕೊಂಡು ಮರೆತಿದ್ದೆ. ಜೀಪಿನ ಮೇಲೆ ಸ್ಪೀಕರ್ ಕಟ್ಟಿಕೊಂಡು ಸೀರೆ ಅಂಗಡಿಯ ಪ್ರಚಾರ ಮಾಡುತ್ತಾರಲ್ಲ, ಆ ಥರದ್ದು. ಈಗ ನೋಡಿದರೆ ನನ್ನ ಊರಿನ ಶಾಲೆ ನನ್ನನ್ನು ಬಿಟ್ಟು ಅವಳ ಹತ್ತಿರ ಹೋಗಿದೆ!

ಜನವರಿಯಲ್ಲಿ ಕಲ್ಯಾಣದುರ್ಗದಲ್ಲೇ ಹೈಸ್ಕೂಲುಗಳ ಸಮೂಹ ನೃತ್ಯ ಸ್ಪರ್ಧೆ ಇತ್ತು. ನಮ್ಮ ತೆಲುಗು ಪಂಡಿತರು ಪೆನ್ನಾರ್ ನದಿಯ ಮೇಲೆ ಬರೆದ ಪದ್ಯಕ್ಕೆ ನಾನು ಆಗಲೇ ಧಾಟಿ ಕಟ್ಟಿ ಮಕ್ಕಳಿಗೆ ಕಲಿಸಿದ್ದೆ. ಕಮಲಾಕ್ಷಮ್ಮನವರು ಧಾಟಿಯನ್ನು ಹೊಗಳಿದರು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಹೇಳಿದರು: “ನಿಮ್ಮ ಟ್ಯೂನೇ ಇರಲಿ. ಆದರೆ ಕ್ಯಾಸೆಟ್ ಬೇಕು. ಮೊನ್ನೆ ಇನ್‌ಸ್ಪೆಕ್ಷನ್‌ಗೆ ಬಂದವರು ಕೇಳಿದರು, ಮ್ಯೂಸಿಕ್ ಪೋಸ್ಟು ಈ ಸ್ಕೂಲಿಗೆ ಬೇಕಾ ಅಂತ. ಬೇಕೂ ಅಂದೆ. ಬೇಕು ಅನ್ನೋದಕ್ಕೆ ನಾನು ಏನಾದರೂ ಚೂಪಿಂಚಾಲಿ ಕದಮ್ಮಾ? ತೋರಿಸಬೇಕಲ್ಲ?”

ನನ್ನ ಹುದ್ದೆಯನ್ನು ‘ಸರ್‌ಪ್ಲಸ್’ ಎಂದು ಬರೆದರೆ, ಅಂದರೆ ಹೆಚ್ಚುವರಿ ಎಂದು ಬರೆದರೆ, ನನ್ನನ್ನು ಜಿಲ್ಲೆಯ ಯಾವ ಮೂಲೆಗಾದರೂ ಯಾವ ಕೆಲಸಕ್ಕಾದರೂ ಹಾಕಬಹುದಿತ್ತು. ನನ್ನ ಕೆಲಸ ಉಳಿಯಬೇಕಾದರೆ ನನ್ನ ತಂಗಿಯ ಕೈಯಲ್ಲಿ ಸಂಗೀತ ಮಾಡಿಸಿಕೊಂಡು ಬರಬೇಕು.

ಡಿಸೆಂಬರಿನ ಒಂದು ಶನಿವಾರ ಬೆಳಿಗ್ಗೆ ಹೊರಟೆವು. ನಾವು ಎಂದರೆ ನಾನು, ನಮ್ಮ ಶಾಲೆಯ ಒಳ್ಳೆಯ ಕಂಠದ ಹುಡುಗಿ ಹಸೀನಾ, ಅವಳ ತಾಯಿ. ಹಾರ್ಮೋನಿಯಂ ನನ್ನ ತೊಡೆಯ ಮೇಲೆ. ಆ ಬಸ್ಸು ಮಡಕಶಿರಾ ದಾಟಿ ಪಾವಗಡದಲ್ಲಿ ಕರ್ನಾಟಕಕ್ಕೆ ಹೊಕ್ಕು ಮತ್ತೆ ಆಂಧ್ರಕ್ಕೆ ಬರುತ್ತದೆ. ದಾರಿಯುದ್ದಕ್ಕೂ ನಾನು ಒಂದೇ ಯೋಚನೆ ಮಾಡುತ್ತಿದ್ದೆ: ಅವಳಿಗೆ ರಾಗ ಗೊತ್ತಿಲ್ಲ, ತಾಳ ಗೊತ್ತಿಲ್ಲ, ಸ್ವರ ಬರೆಯಲು ಬರುವುದಿಲ್ಲ. ಅದೇನು ಮಹಾ ಮಾಡಿರುತ್ತಾಳೆ? ಮಷಿನ್ನು ಮಾಡಿರುತ್ತೆ.

ಕಲ್ಯಾಣದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಬೆಳುಗುಪ್ಪಕ್ಕೆ ಹೋಗುವ ಜೀಪಿನವರು ಕೂಗುತ್ತಿದ್ದರು. ಕಡಲೆಕಾಯಿ ಮೂಟೆಗಳ ನಡುವೆ ದಾರಿ ಮಾಡಿಕೊಂಡು ಅಂಗಡಿ ಮುಟ್ಟಿದೆವು. ನರಸಿಂಹುಲು “ರಾಂಡಿ ವದಿನಾ” ಎಂದು ಎದ್ದು ನಿಂತ. ಅವನ ಮನೆಯಲ್ಲಿ ಹೆಂಡತಿಯ ಅಕ್ಕನನ್ನು ‘ವದಿನಾ’ ಎಂದು ಕರೆಯುವುದು. ಒಳಗಿಂದ ರತ್ನ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಓಡಿಬಂದಳು.

“ಅಕ್ಕಾ! ಪೆಟ್ಟಿಗೆ ಬೇರೆ ಹೊತ್ಕಂಡ್ ಬಂದಿದೀಯಾ? ಹೇಳಿದ್ರೆ ಇವರನ್ನೇ ಕಳಿಸ್ತಿದ್ದೆ ಕಣಕ್ಕ.”

ಅವಳ ಸಂತೋಷ ನಿಜವಾದದ್ದು. ಅದೇ ನನಗೆ ಕಷ್ಟವಾದದ್ದು. ಸ್ವಲ್ಪ ಜಂಬ ತೋರಿಸಿದ್ದರೆ ನನಗೆ ಅನುಕೂಲವಾಗುತ್ತಿತ್ತು.

ಅಂಗಡಿಯ ಹಿಂದಿನ ಉಗ್ರಾಣವೇ ಅವಳ ರೆಕಾರ್ಡಿಂಗ್ ಕೋಣೆ. ಸದ್ದು ಗೋಡೆಗೆ ಬಡಿದು ವಾಪಸು ಬರದಿರಲಿ ಎಂದು ನಾಲ್ಕೂ ಕಡೆ ಖಾಲಿ ಗೋಣಿಚೀಲ, ಅದರ ಮೇಲೆ ಹಳೆಯ ಕೌದಿ ಹೊಡೆದಿದ್ದಳು. ಮೇಜಿನ ಮೇಲೆ ಒಂದು ಕೀಬೋರ್ಡು, ಒಂದು ‘ರಿದಮ್ ಬಾಕ್ಸ್’, ಮತ್ತೆ ಒಂದು ಅಗಲವಾದ ಟೇಪ್ ರೆಕಾರ್ಡರ್. ರಿದಮ್ ಬಾಕ್ಸ್ ಎಂದರೆ ಡ್ರಮ್ಮು, ತಾಳಗಳ ಸದ್ದನ್ನು ಒಳಗೇ ಇಟ್ಟುಕೊಂಡಿರುವ ಪುಸ್ತಕದಷ್ಟು ದೊಡ್ಡ ಡಬ್ಬಿ. ಯಾವ ಪೆಟ್ಟು ಎಲ್ಲಿ ಬೀಳಬೇಕೆಂದು ಒಂದೊಂದಾಗಿ ಒತ್ತಿ ಹೇಳಿಕೊಟ್ಟರೆ ಅದು ಬೇಸರವಿಲ್ಲದೆ ನುಡಿಸುತ್ತಿರುತ್ತದೆ.

ಟೇಪ್ ರೆಕಾರ್ಡರ್ ಬಗ್ಗೆ ಸ್ವಲ್ಪ ವಿವರಿಸಬೇಕು, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಮಾಮೂಲಿ ಕ್ಯಾಸೆಟ್ಟಿನ ಟೇಪಿನಲ್ಲಿ ನಾಲ್ಕು ಗೆರೆ ಸದ್ದು ಹಿಡಿಯುತ್ತದೆ, ಈ ಬದಿಗೆ ಎರಡು, ತಿರುಗಿಸಿ ಹಾಕಿದರೆ ಆ ಬದಿಗೆ ಎರಡು. ರತ್ನಳ ಯಂತ್ರ ನಾಲ್ಕನ್ನೂ ಒಂದೇ ದಿಕ್ಕಿನಲ್ಲಿ ಓದುತ್ತಿತ್ತು. ಒಂದೊಂದು ಗೆರೆಗೆ ‘ಟ್ರ್ಯಾಕ್’ ಎಂದು ಹೆಸರು. ಮೊದಲನೇ ಟ್ರ್ಯಾಕಿನಲ್ಲಿ ತಾಳ ತುಂಬಿ, ಅದನ್ನು ಕೇಳುತ್ತಾ ಎರಡನೆಯದರಲ್ಲಿ ಇನ್ನೊಂದು ವಾದ್ಯ ತುಂಬಬಹುದು. ಹೀಗೆ ಒಬ್ಬರೇ ನಾಲ್ಕು ಜನರಾಗಬಹುದು. ಮೂರು ತುಂಬಿದ ಮೇಲೆ ಅವನ್ನು ಕಲಸಿ ನಾಲ್ಕನೆಯದಕ್ಕೆ ಇಳಿಸಿದರೆ ಮೊದಲ ಮೂರು ಮತ್ತೆ ಖಾಲಿ. ಯಾವ ಟ್ರ್ಯಾಕಿನ ಕೆಂಪು ಸ್ವಿಚ್ ಮೇಲಿದೆಯೋ ಅದರಲ್ಲಿ ಹೊಸದು ಕೂರುತ್ತದೆ, ಹಳೆಯದು ಅಳಿಸಿಹೋಗುತ್ತದೆ.

“ಇದನ್ನೆಲ್ಲ ಯಾರು ಹೇಳಿಕೊಟ್ಟರೇ?” ಎಂದು ಕೇಳಿದೆ.

“ಯಾರು ಹೇಳ್ಕೊಡ್ತಾರೆ? ಒತ್ತೋದು, ಕೇಳೋದು. ಮೊದಲನೇ ಆರು ತಿಂಗಳು ಬರೀ ಗಲಾಟೆ ಕಣಕ್ಕ. ಇವರು ಅಂಗಡೀಲಿ ಕೂತ್ಕಂಡು ‘ಏನ್ ಬೀಳ್ತಾ ಐತೆ ಒಳಗೆ’ ಅಂತಿದ್ರು.”

ಊಟವಾದ ಮೇಲೆ ನಾನು ಹಾರ್ಮೋನಿಯಂ ನುಡಿಸಿ, ಹಸೀನಾ ಕೈಲಿ ಪೆನ್ನಾರ್ ಹಾಡು ಹಾಡಿಸಿದೆ. ರತ್ನ ಎರಡು ಸಲ ಕೇಳಿದಳು. ಬಾಯಲ್ಲಿ ಸದ್ದು ಮಾಡುತ್ತಾ ರಿದಮ್ ಬಾಕ್ಸಿನಲ್ಲಿ ಪೆಟ್ಟುಗಳನ್ನು ಒತ್ತಿದಳು. ಅದು ನಮ್ಮ ಪಾಠದ ಆದಿತಾಳದಂತಿರಲಿಲ್ಲ, ಎಲ್ಲೋ ಒಂದು ಪೆಟ್ಟು ತಡವಾಗಿ ಬಿದ್ದು ಮೈಯನ್ನು ಮುಂದಕ್ಕೆ ತಳ್ಳುತ್ತಿತ್ತು. ಎರಡನೇ ಟ್ರ್ಯಾಕಿಗೆ ಕೀಬೋರ್ಡಿನ ತಗ್ಗುಸ್ವರಗಳು. “ಇದು ನೆಲ ಇದ್ದಂಗೆ,” ಎಂದಳು. ಮೂರನೆಯದಕ್ಕೆ ‘ಸ್ಟ್ರಿಂಗ್ಸ್’, ಅಂದರೆ ಹತ್ತಾರು ಪಿಟೀಲು ಒಟ್ಟಿಗೆ ಎಳೆದಂಥ ಸ್ವರ. ನದಿ ಒಣಗಿದೆ ಎನ್ನುವ ಸಾಲಿಗೆ ನಾನು ಧಾಟಿಯನ್ನು ಕೆಳಗಿಳಿಸಿದ್ದೆ. ಅವಳು ಅಲ್ಲಿ ತಾಳದ ಒಂದು ಪೆಟ್ಟು ಬಿಟ್ಟು ಉಳಿದದ್ದೆಲ್ಲ ನಿಲ್ಲಿಸಿ ಒಂದೇ ಒಂದು ಎತ್ತರದ ಸ್ವರವನ್ನು ಹಿಡಿದಳು, ಜೊತೆಗೆ ಹಾಡುತ್ತಿದ್ದ ಹಸೀನಾಳ ಕಂಠಕ್ಕೂ ಆ ಸ್ವರಕ್ಕೂ ನಡುವೆ ಏನೂ ಇಲ್ಲದಂತೆ.

ಹಸೀನಾಳ ತಾಯಿ ಕಣ್ಣೊರೆಸಿಕೊಂಡರು. ಹಸೀನಾ ನನ್ನ ಕಡೆ ನೋಡಲಿಲ್ಲ, ಆ ಯಂತ್ರವನ್ನೇ ನೋಡುತ್ತಿದ್ದಳು. ಐದು ವರ್ಷ ಪಾಠ ಹೇಳಿದ್ದೇನೆ, ಒಂದು ದಿನವೂ ಆ ಹುಡುಗಿ ನನ್ನ ಹಾರ್ಮೋನಿಯಂ ಅನ್ನು ಹಾಗೆ ನೋಡಿರಲಿಲ್ಲ. ಧಾಟಿ ನನ್ನದೇ, ಆದರೆ ಅದು ನನ್ನ ಬಳಿ ಇದ್ದಾಗ ಇಷ್ಟು ಚೆನ್ನಾಗಿರಲಿಲ್ಲ. ಬೇರೆಯವರ ಸಂಗೀತ ಚೆನ್ನಾಗಿದ್ದರೆ ಅಸೂಯೆ ಪಡುವುದು ಒಂದು ಥರ. ನನ್ನದೇ ಹಾಡು ಬೇರೆಯವರ ಕೈಯಲ್ಲಿ ಚೆನ್ನಾದಾಗ ಆಗುವ ಸಂಕಟವೇ ಬೇರೆ.

“ಹಾರ್ಮೋನಿಯಂ ಬೇಕು ಇದಕ್ಕೆ,” ಎಂದೆ. ಯಾರೂ ಬೇಡ ಎಂದಿರಲಿಲ್ಲ, ಆದರೂ ಗಟ್ಟಿಯಾಗಿ ಹೇಳಿದೆ.

ಮೊದಲ ತೊಡಕು ಶ್ರುತಿಯದು. ಶಾಲೆಯ ಹಾರ್ಮೋನಿಯಂ ಹಳೆಯದು, ಕೀಬೋರ್ಡಿಗಿಂತ ಒಂದು ಎಳೆ ಮೇಲಿತ್ತು. ಎರಡನ್ನೂ ಒಟ್ಟಿಗೆ ನುಡಿಸಿದರೆ ಹಲ್ಲು ಜುಮ್ಮೆನ್ನುವ ಹಾಗೆ ಅಲೆ ಏಳುತ್ತಿತ್ತು. “ನಿನ್ನ ಕೀಬೋರ್ಡು ಅಪಶ್ರುತಿ,” ಎಂದೆ. ರತ್ನ ವಾದ ಮಾಡಲಿಲ್ಲ. ಟೇಪಿನ ವೇಗ ಏರಿಸುವ ಒಂದು ಗುಂಡಿ ಆ ಯಂತ್ರದಲ್ಲಿತ್ತು. ವೇಗ ಏರಿದರೆ ಶ್ರುತಿಯೂ ಏರುತ್ತದೆ. ಅದನ್ನು ಕೂದಲೆಳೆಯಷ್ಟು ತಿರುಗಿಸಿ, ಕಿವಿಯಿಟ್ಟು ಕೇಳಿ, ಮತ್ತೆ ತಿರುಗಿಸಿ ಕೂಡಿಸಿದಳು. “ನಿನ್ನ ಪೆಟ್ಟಿಗೆ ಬಗ್ಗಲ್ಲ ಕಣಕ್ಕ, ಟೇಪ್ ಬಗ್ಗುತ್ತೆ. ಬಗ್ಗೋದನ್ನೇ ಬಗ್ಸೋಣ,” ಎಂದಳು.

ನಾಲ್ಕನೇ ಟ್ರ್ಯಾಕಿನಲ್ಲಿ ನಾನು ಹಾರ್ಮೋನಿಯಂ ನುಡಿಸಿದೆ. ನನಗೆ ಗೊತ್ತಿದ್ದ ಸಂಗತಿಗಳನ್ನೆಲ್ಲ, ಸ್ವರದ ತಿರುವುಗಳನ್ನೆಲ್ಲ ಹಾಕಿ, ಹಾಡಿನ ಮೊದಲಿಂದ ಕೊನೆತನಕ. ತಿರುಗಿ ಹಾಕಿ ಕೇಳಿದೆವು. ರತ್ನ ನನ್ನ ಮುಖ ನೋಡದೆ ಹೇಳಿದಳು.

“ಅಕ್ಕಾ, ಬೇಜಾರ್ ಮಾಡ್ಕಬ್ಯಾಡ. ನೀನು ಎಲ್ಲೂ ಜಾಗ ಬಿಡಲ್ಲ. ಉಳಿದೋರು ಎಲ್ಲಿ ಕೂರಬೇಕು?”

“ನನಗೆ ಪಾಠ ಹೇಳೋ ಅಷ್ಟಾದೆಯಾ?” ಎಂದೆ. “ಸರಳೆ ವರಸೆ ಮುಗಿಸಲಿಲ್ಲ ನೀನು. ಆ ಡಬ್ಬಿ ಕುಣಿಸಿದರೆ ಕುಣಿಯೋದು, ಅದಕ್ಕೆ ಸಂಗೀತ ಅಂತ ಹೆಸರು ಬೇರೆ.”

ಅವಳು ಉತ್ತರ ಕೊಡುವ ಮೊದಲೇ ಕರೆಂಟ್ ಹೋಯಿತು. ಯಂತ್ರದ ಕೆಂಪು ದೀಪಗಳೆಲ್ಲ ಒಟ್ಟಿಗೆ ಆರಿದವು.

ಸಂಜೆ ತನಕ ಕರೆಂಟ್ ಬರುವುದಿಲ್ಲವೆಂದು ನರಸಿಂಹುಲು ಹೇಳಿದ. ಹಸೀನಾ ಮತ್ತು ಅವಳ ತಾಯಿ ಪೇಟೆ ನೋಡಲು ಹೋದರು. ಅಕ್ಕತಂಗಿಯರಿಬ್ಬರೂ ಹಿತ್ತಿಲ ಕಟ್ಟೆಯ ಮೇಲೆ ಮೊರ ಇಟ್ಟುಕೊಂಡು ಕಡಲೆಕಾಯಿ ಸುಲಿಯುತ್ತಾ ಕೂತೆವು.

“ಡಬ್ಬಿ ಕುಣಿಸೋದೇ ಸರಿ ಅಕ್ಕ,” ಎಂದಳು ರತ್ನ. “ನಂಗೆ ರಾಗ ಬರಲ್ಲ. ನೀನು ಆ ಧಾಟಿ ಕಟ್ಟಿದೀಯಲ್ಲ, ನಾನು ನೂರು ವರ್ಷ ಒತ್ತಿದ್ರೂ ಅದು ಬರಲ್ಲ. ನಂಗೆ ಗೊತ್ತಿರೋದು ಒಂದೇ. ಒಟ್ಟಿಗೆ ನಾಲ್ಕು ಸದ್ದು ಬಂದ್ರೆ ಯಾವುದು ಯಾವುದರ ಮೇಲೆ ಬೀಳ್ತಾ ಐತೆ ಅಂತ ಕೇಳಿಸುತ್ತೆ.”

ಅವಳು ಸಮಾಧಾನ ಹೇಳುತ್ತಿರಲಿಲ್ಲ, ಇದ್ದದ್ದನ್ನು ಹೇಳುತ್ತಿದ್ದಳು. ನಾನು ಮೂವತ್ತು ವರ್ಷದಿಂದ ಒಂದು ಸದ್ದನ್ನು ಮಾತ್ರ ಕೇಳಿಕೊಂಡು ಬಂದಿದ್ದೆ, ಅದೂ ನನ್ನದು. ಅಷ್ಟು ತಿಳಿದರೂ ಸಂಕಟ ಕಮ್ಮಿಯಾಗಲಿಲ್ಲ. ಇನ್ನೂ ಒಂದು ಹಿಡಿ ಹೆಚ್ಚಾಯಿತು.

ಐದು ಗಂಟೆಯ ಹೊತ್ತಿಗೆ ಕರೆಂಟ್ ಬಂತು. “ಈ ಸಲ ಕಮ್ಮಿ ನುಡಿಸ್ತೀನಿ,” ಎಂದೆ. ರತ್ನ ಮಧ್ಯಾಹ್ನದ ನನ್ನ ಹಾರ್ಮೋನಿಯಂ ಅನ್ನು ಅಳಿಸಿ ಸ್ವಿಚ್ ಕೆಳಗಿಳಿಸಿದಳು. ಅಂಗಡಿಯಲ್ಲಿ ಗಿರಾಕಿ ಬಂದಿದ್ದರಿಂದ ರತ್ನ ಆಚೆ ಹೋದಳು. ಹೋಗುವಾಗ “ನಾಲ್ಕನೇದರ ಸ್ವಿಚ್ ಮೇಲೆ ಮಾಡ್ಕೋ, ರೆಕಾರ್ಡು ಪ್ಲೇ ಎರಡೂ ಒಟ್ಟಿಗೆ ಒತ್ತು, ಅಷ್ಟೇ. ಬತ್ತೀನಿ,” ಎಂದಳು. ನಾನು ಹಾಗೇ ಮಾಡಿ, ಕಣ್ಣು ಮುಚ್ಚಿ, ಬಹಳ ಸಂಯಮದಿಂದ ಪೂರ್ತಿ ಹಾಡು ನುಡಿಸಿದೆ.

ರತ್ನ ಬಂದು ಹಾಕಿದಳು. ತಾಳ ಬಂತು, ನೆಲಸ್ವರ ಬಂತು. ಹಾರ್ಮೋನಿಯಂ ಬಂತು. ನದಿ ಒಣಗಿದ ಸಾಲು ಬಂತು. ಆ ಎತ್ತರದ ಸ್ವರ ಬರಲಿಲ್ಲ.

ಅವಳು ಸ್ವಿಚ್ಚುಗಳ ಕಡೆ ನೋಡಿದಳು. ಮೇಲಿದ್ದದ್ದು ಮೂರನೆಯದು. ಅವಳ ಪಿಟೀಲುಗಳನ್ನೆಲ್ಲ ನನ್ನ ಹಾರ್ಮೋನಿಯಂ ಅಳಿಸಿ ಹಾಕಿತ್ತು.

ಬಾಗಿಲಲ್ಲಿ ನರಸಿಂಹುಲು ನಿಂತಿದ್ದ. ಮಧ್ಯಾಹ್ನದ ನನ್ನ ಮಾತು ಅವನ ಕಿವಿಗೂ ಬಿದ್ದಿತ್ತು. ಪೇಟೆಯಿಂದ ವಾಪಸಾಗಿದ್ದ ಹಸೀನಾ ತನ್ನ ತಾಯಿಯ ಮುಖ ನೋಡಿದಳು. ಸ್ವಿಚ್ಚುಗಳನ್ನು ಎಣಿಸುವಾಗ ಒಂದು ಲೆಕ್ಕ ತಪ್ಪಿದ್ದೆ, ಅಷ್ಟೇ ನಡೆದದ್ದು. ಆದರೆ ಮಧ್ಯಾಹ್ನದಿಂದ ನನ್ನ ಮುಖದ ಮೇಲಿದ್ದ ಕಿಚ್ಚನ್ನು ಆ ಕೋಣೆಯಲ್ಲಿ ಎಲ್ಲರೂ ಕಂಡಿದ್ದರು. ಬೇಕೆಂದೇ ಮಾಡಿದವಳ ಮುಖ ಹೇಗಿರುತ್ತದೋ ಹಾಗೇ ಇತ್ತು ನನ್ನದು, ನನಗೆ ಗೊತ್ತು. ತಪ್ಪಿಲ್ಲದಿದ್ದರೂ ತಪ್ಪಿಲ್ಲ ಎಂದು ಹೇಳುವ ಧೈರ್ಯ ಬಾರದಿರುವುದು ಅಸೂಯೆ ವಸೂಲಿ ಮಾಡುವ ದಂಡ.

“ರತ್ನಾ, ನಾನು ಬೇಕೂಂತ…” ಎಂದೆ.

“ಥೂ, ಬಿಡಕ್ಕ!” ಎಂದಳು. “ನಾನು ಹಿಂಗೇ ಎಷ್ಟ್ ಅಳಿಸ್ಬುಟ್ಟಿದೀನಿ ಗೊತ್ತಾ? ಒಂದ್ಸಲ ಇವರ ಅತ್ತೆ ಹಾಡಿದ್ ದೇವರನಾಮ ಪೂರ್ತಿ ಅಳಿಸೋಯ್ತು. ವಾರ ಮಾತಾಡ್ಸಿರ್ಲಿಲ್ಲ ಆ ಯಮ್ಮ.”

ನರಸಿಂಹುಲು ನಕ್ಕ. ಹಸೀನಾಳ ತಾಯಿಯೂ ನಕ್ಕರು. ನನಗೆ ನಗು ಬರಲಿಲ್ಲ.

“ಈಗ ಮತ್ತೆ ನುಡಿಸು,” ಎಂದೆ.

“ನಾನಲ್ಲ. ನೀನು,” ಎಂದು ಕೀಬೋರ್ಡನ್ನು ನನ್ನ ಮುಂದಕ್ಕೆ ತಿರುಗಿಸಿದಳು. “ಸ್ಟ್ರಿಂಗ್ಸು ನೀನೇ ನುಡಿಸು. ನಾನು ಮೊದಲು ನುಡಿಸಿದ್ದು ನಂಗೂ ನೆನಪಿಲ್ಲ.”

ಅದು ಸುಳ್ಳು ಎಂದು ನನಗೆ ಅನುಮಾನ. ಇವತ್ತಿನವರೆಗೂ ಕೇಳಿಲ್ಲ.

ವೇಗದ ಗುಂಡಿಯನ್ನು ಮೊದಲಿನ ಜಾಗಕ್ಕೆ ತಂದು ಅವಳು ಟೇಪ್ ಬಿಟ್ಟಳು. ಬಲಗೈ ಕೀಬೋರ್ಡಿನ ಮೇಲೆ ಇಟ್ಟೆ. ಸ್ವರಗಳ ಮನೆಗಳು ಅವೇ, ಕಪ್ಪು ಬಿಳಿ ಅವೇ. ಎಡಗೈ ಮಾತ್ರ ಗಾಳಿಯಲ್ಲಿ ನಿಂತಿತ್ತು. ಒಂಬತ್ತನೇ ವಯಸ್ಸಿನಿಂದ ಅದು ತಿದಿ ಒತ್ತಿದ ಕೈ, ಹಾರ್ಮೋನಿಯಂಗೆ ಉಸಿರು ತುಂಬುವುದೊಂದೇ ಅದರ ಕೆಲಸ. ಈಗ ಅದಕ್ಕೆ ಏನೂ ಕೆಲಸವಿಲ್ಲ. ಹಸೀನಾ ಸಣ್ಣದಾಗಿ ನಕ್ಕಾಗಲೇ ನನಗೆ ತಿಳಿದದ್ದು, ನಾನು ಇಲ್ಲದ ತಿದಿಯನ್ನು ಒತ್ತುತ್ತಿದ್ದೇನೆ ಎಂದು.

“ಆ ಕೈಯನ್ನೂ ಇಡು,” ಎಂದಳು ರತ್ನ. “ಬಲಗೈಲಿ ಒಂದು, ಎಡಗೈಲಿ ಕೆಳಗಡೆ ಇನ್ನೊಂದು. ಅಷ್ಟೇ. ಈಗ ಎತ್ತು. ಎತ್ತಕ್ಕಾ ಕೈ!”

ಎತ್ತುವುದೇ ನನಗೆ ಬರುತ್ತಿರಲಿಲ್ಲ. ಹಾರ್ಮೋನಿಯಂನಲ್ಲಿ ತಿದಿಯಲ್ಲಿ ಗಾಳಿ ಇರುವ ತನಕ ಬೆರಳು ಎತ್ತಲು ಮನಸ್ಸು ಬರುವುದಿಲ್ಲ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತಲೇ ಇರುತ್ತೇವೆ. ಇಲ್ಲಿ ಅವಳು ಪಕ್ಕದಲ್ಲಿ ನಿಂತು, ನಾನು ಮೊದಲನೇ ತರಗತಿಯ ಮಗುವಾದಂತೆ, “ಹಿಡಿ… ಹಿಡಿ… ಎತ್ತು,” ಎನ್ನುತ್ತಿದ್ದಳು. ಎಷ್ಟು ಸಲ ತಪ್ಪಿದೆನೋ ಲೆಕ್ಕವಿಲ್ಲ. ಪ್ರತಿ ಸಲವೂ ಟೇಪನ್ನು ಹಿಂದಕ್ಕೆ ಸುತ್ತಿ ಸುಮ್ಮನೆ ಮತ್ತೆ ಬಿಡುತ್ತಿದ್ದಳು. ಕೊನೆಗೆ ಒಣಗಿದ ನದಿಯ ಸಾಲು ಬಂದಾಗ ನಾನು ಎರಡೂ ಕೈ ಎತ್ತಿಬಿಟ್ಟೆ. ಎತ್ತರದ ಸ್ವರವನ್ನೂ ಹಿಡಿಯಲಿಲ್ಲ. ತಾಳದ ಒಂದು ಪೆಟ್ಟು ಮಾತ್ರ ಉಳಿಯಿತು.

ರತ್ನ ಟೇಪ್ ನಿಲ್ಲಿಸಿದಳು. “ಇದನ್ನ ಇಟ್ಕಳಣ,” ಎಂದಳು.

ಮರುದಿನ ಬೆಳಿಗ್ಗೆ ಮೂರು ಟ್ರ್ಯಾಕುಗಳನ್ನು ನಾಲ್ಕನೆಯದಕ್ಕೆ ಇಳಿಸಿದೆವು. ಖಾಲಿಯಾದ ಒಂದರಲ್ಲಿ ಹಸೀನಾ ಹಾಡಿದಳು, ಒಂದರಲ್ಲಿ ರತ್ನ ಕೀಬೋರ್ಡಿನ ಕೊಳಲು ತುಂಬಿದಳು. ಉಳಿದ ಒಂದರಲ್ಲಿ, ಎರಡು ಚರಣಗಳ ನಡುವೆ ಮಾತ್ರ, ನನ್ನ ಹಾರ್ಮೋನಿಯಂ. ಮಧ್ಯಾಹ್ನದ ಬಸ್ಸಿನಲ್ಲಿ ಕ್ಯಾಸೆಟ್ಟು ನನ್ನ ಕೈಚೀಲದಲ್ಲಿ ಹಿಂದೂಪುರಕ್ಕೆ ಬಂತು.

ಜನವರಿಯಲ್ಲಿ ಸ್ಪರ್ಧೆ ನಡೆಯಿತು. ನಮ್ಮ ಮಕ್ಕಳಿಗೆ ಎರಡನೇ ಬಹುಮಾನ ಬಂತು. ಅದರ ಜೊತೆಗೆ ತೀರ್ಪುಗಾರರೊಬ್ಬರು ಮೈಕಿನಲ್ಲಿ ಸಂಗೀತವನ್ನು ವಿಶೇಷವಾಗಿ ಹೊಗಳಿ, ಇದನ್ನು ಮಾಡಿದವರು ಈ ಊರಿನವರೇ ಅಂತೆ, ವೇದಿಕೆಗೆ ಬರಬೇಕು ಎಂದರು. ರತ್ನ ಹೋದಳು. ಶಾಲು ಹೊದಿಸಿದರು. ಅವಳು ಮೈಕ್ ಹಿಡಿದು, “ಟ್ಯೂನು ನಮ್ಮಕ್ಕಂದು. ವಯಲಿನ್ನೂ ನಮ್ಮಕ್ಕನೇ ನುಡಿಸಿದ್ದು,” ಎಂದಳು. ಜನ ಚಪ್ಪಾಳೆ ತಟ್ಟಿದರು. ಎಂಥ ವಿನಯ ನೋಡಿ ಎಂದು ನನ್ನ ಹಿಂದೆ ಕೂತವರು ಯಾರೋ ಹೇಳಿದರು. ಅದು ವಿನಯವಲ್ಲ, ಪೂರ್ತಿ ನಿಜ, ಎಂದು ತಿರುಗಿ ಹೇಳಬೇಕೆನಿಸಿತು. ನಾನೂ ಚಪ್ಪಾಳೆ ತಟ್ಟಿದೆ. ಒಳಗೆ ಇನ್ನೂ ಉರಿಯುತ್ತಲೇ ಇತ್ತು, ಅದನ್ನು ಇಲ್ಲ ಎನ್ನಲಾರೆ.

ವಾಪಸು ಬರುವಾಗ ಕಮಲಾಕ್ಷಮ್ಮನವರು ಬಸ್ಸಿನಲ್ಲಿ ನನ್ನ ಪಕ್ಕ ಕೂತರು. “ನಿಮ್ಮ ಚೆಲ್ಲೆಲಾ ಆಕೆ? ತಂಗಿಯಾ? ನನಗೆ ಯಾಕೆ ಚೆಪ್ಪಲೇದು, ಯಾಕೆ ಹೇಳಲಿಲ್ಲ?” ಎಂದರು. ಆಮೇಲೆ ಅವರೇ, “ನನಗೂ ಒಬ್ಬಳು ತಂಗಿ ಇದ್ದಾಳೆ ಟೀಚರ್, ಡಾಕ್ಟರು,” ಎಂದು ಕಿಟಕಿಯ ಕಡೆ ತಿರುಗಿದರು. ಆ ವರ್ಷ ಸಂಗೀತದ ಹುದ್ದೆಯ ವಿಚಾರ ಮತ್ತೆ ಎದ್ದಾಗ ಅವರು ಆ ಬಹುಮಾನದ ಕಪ್ಪನ್ನು ಮೇಜಿನ ಮೇಲಿಟ್ಟುಕೊಂಡು ಮಾತಾಡಿದರಂತೆ. ಹುದ್ದೆ ಉಳಿಯಿತು.

ಬೇಸಿಗೆ ರಜೆ ಬಂದ ಕೂಡಲೇ ನಾನು ಕಲ್ಯಾಣದುರ್ಗಕ್ಕೆ ಹೋದೆ, ಈ ಸಲ ಹಾರ್ಮೋನಿಯಂ ಇಲ್ಲದೆ. “ಕಲಿಸ್ತೀಯಾ?” ಎಂದು ಕೇಳಲು ಎರಡು ದಿನ ಹಿಡಿಯಿತು. ರತ್ನ ಏನೂ ಹೇಳದೆ ಕುರ್ಚಿ ಸರಿಸಿದಳು. ಆ ಬೇಸಿಗೆ ನಾನು ಮಾಡಿದ ಟ್ರ್ಯಾಕುಗಳು ಕೇಳಲಿಕ್ಕೆ ಆಗುತ್ತಿರಲಿಲ್ಲ. ಪ್ರತಿಯೊಂದರಲ್ಲೂ ಎಲ್ಲ ವಾದ್ಯಗಳೂ ಒಟ್ಟಿಗೆ ಮಾತಾಡುತ್ತಿದ್ದವು. ಹೊಸದಾಗಿ ಕಲಿಯುವವರು ಈಗಲೂ ಮಾಡುವ ತಪ್ಪು ಅದೇ: ನಾಲ್ಕು ಟ್ರ್ಯಾಕ್ ಇದೆಯೆಂದರೆ ನಾಲ್ಕನ್ನೂ ಹಾಡಿನುದ್ದಕ್ಕೂ ತುಂಬುವುದು. ಮುಂದೆ ರೆಕಾರ್ಡಿಂಗ್ ಕಲಿಯಲು ಬಂದ ನನ್ನ ವಿದ್ಯಾರ್ಥಿಗಳಿಗೆ ನಾನು ಮೊದಲ ದಿನವೇ ಹೇಳುತ್ತಿದ್ದೆ, ಒಂದು ತಾಳ ಹಾಕಿ, ಅದರ ಮೇಲೆ ಒಂದೇ ವಾದ್ಯ ಹಾಕಿ, ಆಮೇಲೆ ಅದರಲ್ಲಿ ಅರ್ಧ ಅಳಿಸಿ, ಆಮೇಲೆ ನನ್ನ ಹತ್ತಿರ ಬನ್ನಿ ಎಂದು.

ಎರಡನೇ ಬೇಸಿಗೆಯಲ್ಲಿ ನಾನು ಒಬ್ಬಳೇ ಒಂದು ಪೂರ್ತಿ ಹಾಡು ಮಾಡಿದೆ. ರತ್ನ ಕಣ್ಣು ಮುಚ್ಚಿಕೊಂಡು ಕೇಳಿದಳು. “ಇಲ್ಲಿ ತಾಳ ನಿಲ್ಲಿಸಿ, ಒಂದು ಸುತ್ತು ಬಿಟ್ಟು ವಾಪಸ್ ತರ್ತೀಯಲ್ಲ, ಇದು ನಂಗೆ ಹೊಳೀತಿರ್ಲಿಲ್ಲ,” ಎಂದಳು. ಹೇಳುವಾಗ ಅವಳ ತುಟಿಯ ಮೂಲೆ ಸ್ವಲ್ಪ ಬಿಗಿಯಿತು. ಒಂದು ಗಳಿಗೆ ಅಷ್ಟೇ. ಬೇರೆ ಯಾರಿಗೂ ಕಾಣುತ್ತಿರಲಿಲ್ಲ. ನನಗೆ ಆ ಬಿಗಿತ ಚೆನ್ನಾಗಿ ಪರಿಚಯ, ವರ್ಷಗಟ್ಟಲೆ ಅದನ್ನು ನನ್ನ ಮುಖದ ಮೇಲೇ ಹೊತ್ತು ತಿರುಗಿದ್ದೆ. ನನ್ನ ವೃತ್ತಿಯಲ್ಲಿ ಆಮೇಲೆ ಶಾಲುಗಳೂ ಬಂದವು, ಹಾರಗಳೂ ಬಂದವು. ಅಷ್ಟು ಖುಷಿ ಕೊಟ್ಟದ್ದು ಯಾವುದೂ ಇಲ್ಲ.

ನಿವೃತ್ತಿಯ ದಿನ ಹೊಸದಾಗಿ ಕೆಲಸಕ್ಕೆ ಸೇರಿದ್ದ ಒಬ್ಬ ಶಿಕ್ಷಕಿ, ಇಷ್ಟು ವರ್ಷದ ಕೆಲಸ ನಿಮಗೆ ಏನು ಕಲಿಸಿತು ಎಂದು ಕೇಳಿದಳು. ಅಸೂಯೆ ಬಿಡಬೇಕು ಎಂದು ಹೇಳುವಷ್ಟು ದೊಡ್ಡವಳು ನಾನಲ್ಲ. ನಾನು ಬಿಟ್ಟಿಲ್ಲ. ಅವಳಿಗೆ ಹೇಳಿದ್ದು ಇಷ್ಟೇ: ಯಾರನ್ನು ಕಂಡರೆ ನಿನ್ನ ಹೊಟ್ಟೆ ಉರಿಯುತ್ತದೋ ಅವರ ಹತ್ತಿರ ನಿನಗೆ ಬೇಕಾದ್ದೇನೋ ಇದೆ. ದೂರ ನಿಂತು ಅವರ ತಪ್ಪು ಹುಡುಕುತ್ತಾ ಕೂರಬೇಡ. ಬಸ್ಸು ಹತ್ತಿ ಹೋಗು, ಪಕ್ಕದಲ್ಲಿ ಕೂತುಕೋ, ಕಲಿಸುತ್ತೀರಾ ಎಂದು ಕೇಳು. ಉರಿ ಹೋಗುತ್ತದೆ ಎಂಬ ಭರವಸೆ ನಾನು ಕೊಡಲಾರೆ. ಕೆಲಸ ಮಾತ್ರ ಕಲಿಯುತ್ತೀಯ.